ನೀರಣ್ಣ ಬಾವಿಗೆ ಹಾಕಿದ ಪುಡಿ

ನೀರಣ್ಣನ ನಿಜವಾದ ಹೆಸರನ್ನು ಸಂಬಳದ ದಿನ ಕಚೇರಿಯಲ್ಲಿ ಮಾತ್ರ ಕೂಗುತ್ತಿದ್ದರಂತೆ. ಉಳಿದ ದಿನಗಳಲ್ಲಿ ಹಾಲು ಹಾಕುವವಳಿಂದ ಹಿಡಿದು ನೀರು ಸರಬರಾಜಿನ ಸಾಹೇಬರವರೆಗೆ ಎಲ್ಲರಿಗೂ ಅವರು ನೀರಣ್ಣನೇ. ಗುಡ್ಡದ ಮೇಲಿನ ಟ್ಯಾಂಕಿನಿಂದ ಕೆಳಗಿನ ಬೀದಿಗಳಿಗೆ ನೀರು ಬಿಡುವುದು ಅವರ ಕೆಲಸ. ನಾನು ಹಳ್ಳಿಯಿಂದ ಕಾಲೇಜಿಗೆಂದು ಬಂದಾಗ ಅವರ ಮನೆಯ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಓದು ಮುಗಿದು ಅದೇ ಊರಿನ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದ ಮೇಲೂ ಆ ಕೋಣೆ ಬಿಡಲಿಲ್ಲ. ಹೀಗಾಗಿ ಅವರ ಮನೆಯಲ್ಲಿ ನಡೆದದ್ದು ನನಗೆ ಗೊತ್ತು.

ಬೆಳಗ್ಗೆ ಹೆಗಲ ಮೇಲೆ ವಾಲ್ವ್ ತಿರುಗಿಸುವ ಕಬ್ಬಿಣದ ಉದ್ದನೆಯ ಚಾವಿ ಹೊತ್ತುಕೊಂಡು ಹೊರಡುತ್ತಿದ್ದರು. ಗುಡ್ಡದ ಬುಡದಲ್ಲಿ ಒಂದು ನಲ್ಲಿ ಇತ್ತು. ಟ್ಯಾಂಕಿನ ನೀರು ಮೊದಲು ಬರುವುದು ಅಲ್ಲಿಗೆ. ಅದರಿಂದ ಬೊಗಸೆ ತುಂಬ ಹಿಡಿದು ಕುಡಿದು, ತುಟಿ ಒರೆಸಿಕೊಂಡು, ಆಮೇಲೆ ಬೀದಿಯ ವಾಲ್ವ್‌ಗಳ ಕಡೆ ನಡೆಯುತ್ತಿದ್ದರು. ಮೊದಲು ತಾವು ಕುಡಿಯಬೇಕು, ಆಮೇಲೆ ಊರು ಕುಡಿಯಬೇಕು ಎಂಬುದು ಅವರೇ ಮಾಡಿಕೊಂಡ ನಿಯಮ. ಯಾರೂ ಹೇಳಿಕೊಟ್ಟದ್ದಲ್ಲ. ವಾಲ್ವ್ ತೆರೆದ ಮೇಲೆ ಚಾವಿಯ ಮೇಲಿನ ತುದಿಗೆ ಕಿವಿಯಿಟ್ಟು ನಿಲ್ಲುವರು. ಕೊಳವೆಯೊಳಗೆ ನೀರು ಓಡುವ ಸದ್ದು ಕಬ್ಬಿಣದ ಮೂಲಕ ಮೇಲೆ ಬರುತ್ತದೆ. ಎಲ್ಲೋ ಸೋರುತ್ತಿದ್ದರೆ ಸದ್ದಿನಲ್ಲೇ ತಿಳಿಯುತ್ತದೆ.

ನೀರು ಬಿಡುವವನ ಮೇಲೆ ಅನುಮಾನ ಇಲ್ಲದ ಊರು ಎಲ್ಲಿದೆ? "ಏನ್ ನೀರಣ್ಣ, ನಿಮ್ಮ ಬೀದೀಲಿ ಮಾತ್ರ ನೀರು ನಿಲ್ಲೋದೇ ಇಲ್ವಂತೆ?" ಎಂದು ಕೊಡ ಹಿಡಿದವರು ಕಿಚಾಯಿಸುತ್ತಿದ್ದರು. "ನಮ್ಮನೆಯವಳ ಬಾಯೇ ನಿಲ್ಲಲ್ಲ ತಾಯಿ, ಇನ್ನು ನೀರು ನಿಲ್ಲುತ್ತಾ?" ಎನ್ನುವರು ಅವರು. ಆ ಮಾತು ಹೇಗೋ ಮನೆ ತಲುಪಿ, ಆ ಸಂಜೆ ಅವರಿಗೆ ಟೀ ಬದಲು ಬರೀ ಲೋಟ ಸಿಗುತ್ತಿತ್ತು.

ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದೂ ಅವರದೇ ಕೆಲಸ. ಮೊದಲೆಲ್ಲ ಅದನ್ನು ನಡುಮಧ್ಯಾಹ್ನ ಹಾಕುತ್ತಿದ್ದರು. ಮೂಗಿಗೆ ಟವೆಲ್ ಸುತ್ತಿಕೊಂಡು, ಪುಡಿ ಕದಡಿದ ಬಕೆಟ್ ಹಿಡಿದು ಏಣಿ ಹತ್ತುವುದು ಕೆಳಗಿನ ಮೂರು ಬೀದಿಗೂ ಕಾಣುತ್ತಿತ್ತು. ಇಳಿದು ಬರುವಾಗ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿರುತ್ತಿದ್ದವು. "ನೀರಣ್ಣಂಗೆ ಮಧ್ಯಾಹ್ನಕ್ಕೇ ವಯಸ್ಸಾಗಿಹೋಯ್ತು" ಎಂದು ಹೆಂಗಸರು ನಗುತ್ತಿದ್ದರು. ಆ ಪುಡಿ ಏನು, ಯಾಕೆ ಎಂದು ಯಾರೂ ಕೇಳಿರಲಿಲ್ಲ. ಕಣ್ಣೆದುರು ನಡೆಯುವುದನ್ನು ಯಾರು ಕೇಳುತ್ತಾರೆ?

ಅವರಿಗೆ ಒಬ್ಬಳೇ ಮಗಳು. ಲಾರಿ ಓಡಿಸುವವನಿಗೆ ಕೊಟ್ಟಿದ್ದರು. ಅಳಿಯ ಸಾಧು ಮನುಷ್ಯ, ಆದರೆ ತಿಂಗಳಲ್ಲಿ ಹೆಚ್ಚು ದಿನ ರಸ್ತೆಯ ಮೇಲೆಯೇ. ಮಗಳ ಮನೆ ಕೆಳಗಿನ ಕೊನೆಯ ಬೀದಿಯಲ್ಲಿತ್ತು. ಅವಳು ಮೊದಲ ಸಲ ಬಸುರಿಯಾದಾಗ ನೀರಿನಲ್ಲಿನ ಪುಡಿಯ ವಾಸನೆಗೆ ವಾಂತಿ ಮಾಡಿಕೊಳ್ಳುತ್ತಿದ್ದಳು. ಒಂದು ಲೋಟ ನೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನೀರಣ್ಣ ಅದನ್ನು ನೋಡಿ ಪುಡಿ ಹಾಕುವ ಹೊತ್ತನ್ನು ಬದಲಿಸಿಬಿಟ್ಟರು. ಸಂಜೆ, ಕೊನೆಯ ಬೀದಿಯ ನೀರು ನಿಲ್ಲಿಸಿದ ಮೇಲೆ, ಮಬ್ಬುಗತ್ತಲಲ್ಲಿ ಹಾಕಿದರೆ ಬೆಳಗ್ಗೆ ನೀರು ಬಿಡುವ ಹೊತ್ತಿಗೆ ವಾಸನೆ ಬಹಳಷ್ಟು ಇಳಿದಿರುತ್ತದೆ. ಈ ಬದಲಾವಣೆಯನ್ನು ಅವರು ಊರಿಗೆ ಹೇಳಲಿಲ್ಲ. ಹೇಳುವಂಥದ್ದು ಅನ್ನಿಸಲೂ ಇಲ್ಲ.

ಆ ಬಸಿರು ನಾಲ್ಕನೆಯ ತಿಂಗಳಲ್ಲಿ ಇಳಿದುಹೋಯಿತು. ಎರಡನೆಯದು ಏಳು ತಿಂಗಳವರೆಗೆ ಬಂದಿತ್ತು. ಮಗುವಿಗೆ ಉಣ್ಣೆಯ ಟೋಪಿ ಹೆಣೆದು ಮುಗಿಸಿದ್ದಳು. ಒಂದು ದಿನ ಮಗು ಒದೆಯುತ್ತಿಲ್ಲ ಎಂದಳು, ಅಷ್ಟೇ.

ಆಸ್ಪತ್ರೆಯ ಡಾಕ್ಟರಮ್ಮ ತಾಳ್ಮೆಯವರು. ಎಲ್ಲ ಪರೀಕ್ಷೆ ಮಾಡಿಸಿದರು. ಕೊನೆಗೆ, ಕೆಲವೊಮ್ಮೆ ಕಾರಣ ಗೊತ್ತಾಗುವುದಿಲ್ಲ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದರು. ಸತ್ಯವನ್ನೇ ಹೇಳಿದರು. ಆದರೆ ಆ ಸತ್ಯವನ್ನು ಹಿಡಿದುಕೊಂಡು ಆ ಹುಡುಗಿ ಖಾಲಿ ಮನೆಯಲ್ಲಿ ಹೇಗೆ ಕೂರಬೇಕಿತ್ತು? ಬೀದಿಯವರಂತೂ ಕಾರಣಗಳನ್ನು ಧಾರಾಳವಾಗಿ ಕೊಟ್ಟರು. ಮೆಟ್ಟಿಲು ಹತ್ತಿದ್ದೇ ತಪ್ಪು ಎಂದರು ಒಬ್ಬರು. ಕೊಡ ಎತ್ತಿದ್ದಳಲ್ಲ ಎಂದರು ಇನ್ನೊಬ್ಬರು. ಮಲಗುವ ಮಗ್ಗುಲು ಸರಿ ಇರಲಿಲ್ಲವೇನೋ ಎಂದವರೂ ಇದ್ದರು. ಯಾವ ಕಾರಣ ಹಿಡಿದುಕೊಂಡು ಹೋದರೂ ಕೊನೆಗೆ ಅವಳ ಮೈಗೇ ಬಂದು ಮುಟ್ಟುತ್ತಿತ್ತು.

ಅಳಿಯ ಊರಲ್ಲಿಲ್ಲದ ದಿನಗಳಲ್ಲಿ ಅವಳಿಗೆ ಮೊಬೈಲೇ ಜೊತೆ. ಅದರಲ್ಲಿ ಒಂದು ವಿಡಿಯೋ ಬಂತು. ಟ್ಯಾಂಕುಗಳಿಗೆ ಹಾಕುವ ಬಿಳಿ ಪುಡಿ ಹೆಂಗಸರ ಬಸಿರು ನಿಲ್ಲದ ಹಾಗೆ ಮಾಡುತ್ತದೆ, ಬಡವರ ಬೀದಿಗಳಲ್ಲಿ ಜನ ಹೆಚ್ಚಬಾರದೆಂದು ಮೇಲಿನವರು ಇದನ್ನು ಮಾಡಿಸುತ್ತಿದ್ದಾರೆ ಎಂದು ಒಬ್ಬ ಮುದುಕಿ ಹೇಳುತ್ತಿದ್ದಳು. ಅವಳ ದನಿ ತುಂಬ ಮೃದು. ಅಂಥದ್ದೇನೂ ಇಲ್ಲ. ಲೆಕ್ಕವಾಗಿ ಹಾಕಿದ ಆ ಪುಡಿ ನೀರಿನಲ್ಲಿನ ರೋಗದ ಕ್ರಿಮಿಗಳನ್ನು ಕೊಲ್ಲುತ್ತದೆ, ಬಸಿರನ್ನಲ್ಲ. ಆದರೆ ಆ ಮುದುಕಿ ವಿಡಿಯೋದ ಕೊನೆಗೆ, "ತಪ್ಪು ನಿನ್ನದಲ್ಲ ಮಗಳೇ, ನಿನಗೆ ಮಾಡಿದ್ದು ಅವರು" ಎನ್ನುತ್ತಿದ್ದಳು. ಡಾಕ್ಟರಮ್ಮನೂ ಇದರ ಅರ್ಧ ಹೇಳಿದ್ದರು. ಉಳಿದ ಅರ್ಧ ಅವರ ಬಳಿ ಇರಲಿಲ್ಲ.

ಆ ವಿಡಿಯೋದವರ ಮೊಬೈಲ್ ಗುಂಪಿಗೆ ಅವಳೂ ಸೇರಿದಳು. ಅಲ್ಲಿ ಮಗು ಕಳೆದುಕೊಂಡ ಹೆಂಗಸರು ಬಹಳ ಮಂದಿ ಇದ್ದರು. ಅವಳು ಹೆಣೆದ ಟೋಪಿಯ ಫೋಟೋ ಹಾಕಿದಾಗ ಅವರೆಲ್ಲ ಅವಳೊಡನೆ ಅತ್ತರು. ಅವಳ ಬೀದಿಯಲ್ಲಿ ಆ ಟೋಪಿಯನ್ನು ನೋಡಿದವರು, ಒಳಗಿಡು, ಕಣ್ಣಿಗೆ ಬಿದ್ದರೆ ಮತ್ತೆ ನೋವು ಎಂದಷ್ಟೇ ಹೇಳಿದ್ದರು.

ಒಂದು ಭಾನುವಾರ ತವರಿಗೆ ಬಂದವಳು ಅಂಗಳದಲ್ಲಿ ಕೂತು ಕೇಳಿದಳು. "ಅಪ್ಪ, ಮುಂಚೆ ಮಧ್ಯಾಹ್ನ ಹಾಕ್ತಿದ್ದೆ. ಈಗ್ಯಾಕೆ ಕತ್ತಲಾಗೋ ಹೊತ್ತಿಗೆ ಹಾಕ್ತೀಯ?"

"ನಿನಗೋಸ್ಕರನೇ ಕಣೇ. ವಾಸನೆ ತಡೆಯೋಕಾಗಲ್ಲ ಅಂದಿದ್ದೆಯಲ್ಲ, ಆವಾಗಿಂದ."

"ನಾನು ಬಸುರಿ ಆದಾಗಿಂದ."

"ಹೂಂ, ಆವಾಗಿಂದ್ಲೇ" ಎಂದರು ನೀರಣ್ಣ, ಮಗಳಿಗೆ ನೆನಪಿದೆಯಲ್ಲ ಎಂಬ ಖುಷಿಯಲ್ಲಿ. ಅವಳು ಊಟಕ್ಕೆ ನಿಲ್ಲದೆ ಎದ್ದು ಹೋದಳು.

ಅಲ್ಲಿಂದ ನಲ್ಲಿಯ ನೀರನ್ನು ಕುಡಿಯುವುದು ಬಿಟ್ಟಳು. ಕಲ್ಲುಕ್ವಾರಿಯ ಪಕ್ಕದಲ್ಲಿ ಒಂದು ಹಳೆಯ ಬಾವಿ ಇದೆ. ಟ್ಯಾಂಕ್ ಬರುವ ಮುಂಚೆ ಆ ಕಡೆಯ ಜನ ಅದರ ನೀರನ್ನೇ ಕುಡಿಯುತ್ತಿದ್ದರು. ಗುಂಪಿನ ಮಾತು ಕೇಳಿದ ಇನ್ನಿಬ್ಬರು ಹೆಂಗಸರೊಡನೆ ಅವಳೂ ಅಲ್ಲಿಂದ ಕೊಡದಲ್ಲಿ ನೀರು ತರತೊಡಗಿದಳು. ಅದೇ ಹೊತ್ತಿಗೆ ಅವಳು ಮೂರನೆಯ ಸಲ ಬಸುರಿಯಾದಳು.

ಬಸುರಿ ಮಗಳು ಆ ಬಾವಿಯ ನೀರು ಕುಡಿಯುತ್ತಿದ್ದಾಳೆಂದು ಕೇಳಿ ನೀರಣ್ಣನಿಗೆ ಜೀವ ಹಾರಿದಂತಾಯಿತು. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಬಾವಿಯ ನೀರು ಕುಡಿದ ಮನೆಗಳಲ್ಲಿ ಕಾಮಾಲೆ ಹಬ್ಬಿತ್ತು. ಗಂಡಸರು ಎದ್ದು ಕೂತರು, ತುಂಬು ಬಸುರಿಯೊಬ್ಬಳು ಏಳಲಿಲ್ಲ. ಅದನ್ನು ಅವರು ಕಣ್ಣಾರೆ ಕಂಡಿದ್ದರು. ಬಾವಿಗಿಂತ ಮೇಲಿನ ಜಾಗದಲ್ಲಿ ಚರಂಡಿ ಹರಿಯುತ್ತದೆ, ಆಗಲೂ ಹರಿಯುತ್ತಿತ್ತು. ಕಾಯಿಸಿಯಾದರೂ ಕುಡಿಯಲಿ ಎಂದು ಹೆಂಡತಿಯ ಕೈಲಿ ಹೇಳಿಕಳಿಸಿದರು. ಕಾಯಿಸಿದರೆ ಬಾವಿ ನೀರಿನ ಜೀವ ಹೋಗುತ್ತದೆ ಎಂದು ಗುಂಪಿನಲ್ಲಿ ಹೇಳಿದ್ದಾರೆಂಬ ಉತ್ತರ ಬಂತು.

ಆಮೇಲೆ ನನ್ನನ್ನು ಕಳಿಸಿದರು. "ಮೇಷ್ಟ್ರೇ, ನೀವು ಓದಿದೋರು, ನಿಮ್ಮ ಮಾತು ಕೇಳ್ತಾಳೆ" ಎಂದು. ಕ್ಲೋರಿನ್ ನೋಡುವ ಗಾಜಿನ ಪುಟ್ಟ ನಳಿಕೆಯನ್ನು ನೀರಣ್ಣನಿಂದಲೇ ತೆಗೆದುಕೊಂಡು ಹೋದೆ. ನಲ್ಲಿಯ ನೀರಿಗೆ ಹನಿ ಔಷಧಿ ಹಾಕಿದರೆ ತಿಳಿಹಳದಿಯಾಯಿತು. ಬಾವಿಯ ನೀರು ಹಾಗೇ ಉಳಿಯಿತು. ಹಳದಿ ಬಂದರೆ ನೀರಿನಲ್ಲಿ ಪುಡಿ ಇದೆ, ಕ್ರಿಮಿಗಳ ಭಯ ಇಲ್ಲ ಎಂದು ತರಗತಿಯಲ್ಲಿ ಹೇಳುವಂತೆ ನಿಧಾನವಾಗಿ ಹೇಳಿದೆ. ಅವಳ ಮುಖ ನೋಡಿದಾಗ ಗೊತ್ತಾಯಿತು, ವಿಷದ ಬಣ್ಣವನ್ನು ನಾನೇ ಅವಳ ಕಣ್ಣಿಗೆ ಹಿಡಿದು ತೋರಿಸಿದ್ದೆ ಎಂದು.

ಅವಳು ಸಿಟ್ಟಾಗಲಿಲ್ಲ. "ಅಣ್ಣ, ಪುಡಿ ಅಲ್ಲ ಅಂತೀಯಲ್ಲ. ಸರಿ. ಮತ್ತೇನು ಅಂತ ಹೇಳು. ಬೇರೆ ಕಾರಣ ಒಂದು ಕೊಡು, ಇದನ್ನ ಈಗ್ಲೇ ಬಿಡ್ತೀನಿ" ಎಂದಳು.

ನಾನು ನಳಿಕೆ ತೊಳೆದು ಜೇಬಿಗೆ ಹಾಕಿಕೊಂಡು ಎದ್ದು ಬಂದೆ.

ಆ ವಾರದಿಂದ ನೀರಣ್ಣ ಸಂಜೆ ಮನೆಗೆ ಬರುವುದು ತಡವಾಗತೊಡಗಿತು. ಕೇಳಿದರೆ ಯಾವುದೋ ವಾಲ್ವ್ ಕೆಟ್ಟಿದೆ ಎನ್ನುವರು. ನಿಜವನ್ನು ನನಗೊಬ್ಬನಿಗೆ ಮಾತ್ರ ಹೇಳಿದ್ದರು. ಟ್ಯಾಂಕಿಗೆ ಹಾಕಿ ಉಳಿದ ಪುಡಿಯನ್ನು ಪೊಟ್ಟಣ ಕಟ್ಟಿಕೊಂಡು ಕ್ವಾರಿಯ ಕಡೆ ಹೋಗುತ್ತಿದ್ದರು. ನೀರಿನ ಆಳವನ್ನು ಹಗ್ಗದಲ್ಲಿ ಅಳೆದು, ಎಷ್ಟು ಬೇಕೋ ಅಷ್ಟೇ, ವಾಸನೆ ಏಳದಷ್ಟೇ ಹಾಕುತ್ತಿದ್ದರು. ನಲ್ಲಿಯ ನೀರನ್ನು ಸರಿ ಮಾಡುತ್ತಿದ್ದವರಿಗೆ ಬಾವಿಯ ನೀರನ್ನು ಸರಿ ಮಾಡುವುದು ಕಷ್ಟವಾಗಲಿಲ್ಲ. ಮಗಳು ನಲ್ಲಿಗೆ ಬರದಿದ್ದರೆ ಮಗಳ ಬಾವಿಗೆ ತಾವು ಹೋದರಾಯಿತು ಎಂಬ ಲೆಕ್ಕ ಅವರದು. ಮಗಳ ಹೊಟ್ಟೆ ದೊಡ್ಡದಾಗುತ್ತ ಬಂತು. ಐದು ತಿಂಗಳು ಕಳೆಯಿತು, ಏಳು ಕಳೆಯಿತು. ಬಾವಿ ನೀರು ಕೈಹಿಡಿಯಿತು ಎಂದು ಅವಳು ಗುಂಪಿಗೆ ಬರೆಯುತ್ತಿದ್ದಳಂತೆ. ಈ ಕಡೆ ನೀರಣ್ಣ ಊಟದ ನಡುವೆ ಒಬ್ಬರೇ ನಗುತ್ತಿದ್ದರು. "ಏನ್ರೀ, ತಲೆ ಕೆಟ್ಟಿದೆಯಾ?" ಎಂದು ಹೆಂಡತಿ ಗದರುತ್ತಿದ್ದರು.

ಒಂಬತ್ತನೆಯ ತಿಂಗಳಲ್ಲಿ ನೀರಣ್ಣ ಸಿಕ್ಕಿಬಿದ್ದರು. ಸಂಜೆ ನೀರಿಗೆ ಬಂದ ಆ ಇಬ್ಬರು ಹೆಂಗಸರು ಬಾವಿಕಟ್ಟೆಯ ಮೇಲೆ ಪೊಟ್ಟಣ ಬಿಚ್ಚುತ್ತಿದ್ದ ನೀರಣ್ಣನನ್ನು ನೋಡಿದರು. ಕೂಗಲಿಲ್ಲ, ಕ್ವಾರಿಯ ಕಲ್ಲಿನ ಮರೆಯಲ್ಲಿ ನಿಂತು ಮೊಬೈಲಿನಲ್ಲಿ ಹಿಡಿದುಕೊಂಡರು. ಅದರಲ್ಲಿ ಎಲ್ಲ ಸ್ಪಷ್ಟವಾಗಿತ್ತು. ಅವರು ಆ ಕಡೆ ಈ ಕಡೆ ನೋಡುವುದು, ಟವೆಲ್ಲಿನಿಂದ ಮೂಗು ಮುಚ್ಚಿಕೊಳ್ಳುವುದು, ಬಿಳಿ ಪುಡಿ ಒಳಗೆ ಬೀಳುವುದು. ಅದನ್ನು ಮೊದಲ ಸಲ ನೋಡುವಾಗ, ಎಲ್ಲವೂ ಗೊತ್ತಿದ್ದ ನನಗೂ ಒಂದು ಕ್ಷಣ ಅದು ವಿಷವೆಂದೇ ಅನ್ನಿಸಿತು.

ಮರುದಿನ ಮಗಳು ಬಂದಳು. ಹೊಟ್ಟೆ ಹೊತ್ತುಕೊಂಡು ನಡೆದೇ ಬಂದಿದ್ದಳು. ಬೀದಿಯಲ್ಲಿ ಜನ ನಿಂತಿದ್ದರು. ನಾನು ಮಹಡಿಯ ಮೆಟ್ಟಿಲ ಮೇಲಿದ್ದೆ. ಅಮ್ಮ ಕುರ್ಚಿ ತಂದಿಟ್ಟರೂ ಅವಳು ಕೂರಲಿಲ್ಲ.

"ಅಪ್ಪ, ಒಂದೇ ಮಾತು ಕೇಳ್ತೀನಿ. ಯಾರು ಹೇಳಿದ್ರು ಹಾಕು ಅಂತ?"

"ಯಾರೂ ಹೇಳಲಿಲ್ಲ ಕಣೇ. ಆ ನೀರು ಒಳ್ಳೇದಲ್ಲ. ನಿನಗೆ ಏನಾದ್ರೂ ಆದೀತು ಅಂತ ನಾನೇ ಹಾಕಿದೆ. ನೀನು ಅಲ್ಲಿ ನೀರು ತರೋಕೆ ಶುರು ಮಾಡಿದಾಗಿಂದ ಹಾಕ್ತಾ ಇದೀನಿ. ಏನೂ ಆಗಿಲ್ವಲ್ಲ ನಿನಗೆ?"

"ಸುಳ್ಳು ಹೇಳಬೇಡ. ಮುಂಚಿಂದ ಹಾಕಿದ್ರೆ ಈ ಮಗು ಉಳೀತಿರಲಿಲ್ಲ. ನಿನ್ನೆಯಿಂದ ಹಾಕಿರಬೇಕು, ನೋಡಿದೋರು ಇದಾರೆ" ಎಂದಳು. ಆಮೇಲೆ ಅವಳ ದನಿ ಇಳಿಯಿತು. "ನೋಡು, ನೀನು ಅಂಥವನಲ್ಲ ಅಂತ ನನಗೆ ಗೊತ್ತು. ಹೆದರಿಸಿರ್ತಾರೆ. ಕೆಲಸ ಹೋಗುತ್ತೆ ಅಂದಿರ್ತಾರೆ. ಅವರು ಹೇಳಿದ್ರು, ಹಾಕಿದೆ ಅಂತ ಒಂದು ಮಾತು ಹೇಳು ಸಾಕು. ನಾನು ವಾಪಸ್ ಹೋಗಲ್ಲ. ಹೆರಿಗೆ ಇಲ್ಲೇ ಆಗಲಿ. ನೀನೇ ಮೊದಲು ಎತ್ತಿಕೋ."

ಬಾಗಿಲಲ್ಲಿ ನಿಂತಿದ್ದ ಅವಳ ಅಮ್ಮ, "ಹೂಂ ಅನ್ರೀ. ಏನು ಗಂಟು ಹೋಗುತ್ತೆ? ಹೂಂ ಅಂದುಬಿಡಿ" ಎಂದರು.

ನೀರಣ್ಣ ಬೀದಿಯಲ್ಲಿ ನಿಂತಿದ್ದವರ ಕಡೆ ನೋಡಿದರು. ಕೆಲವರ ಸೊಂಟದ ಮೇಲೆ ಮಕ್ಕಳಿದ್ದವು. ಮೊಬೈಲುಗಳು ಮೇಲೆದ್ದಿದ್ದವು. ಆಮೇಲೆ ಮಗಳ ಕಡೆ ತಿರುಗಿದರು. ಹೂಂ ಎನ್ನುತ್ತಾರೆ ಎಂದೇ ನಾನು ಅಂದುಕೊಂಡೆ.

"ಯಾರೂ ಹೇಳಲಿಲ್ಲ ಮಗಾ" ಎಂದರು.

"ಹಾಗಾದ್ರೆ ನೀನೇ ನನಗೆ ಹಾಕಿದ್ದು" ಎಂದಳು ಅವಳು. ಬಂದಷ್ಟೇ ನಿಧಾನವಾಗಿ ನಡೆದು ಹೋದಳು. ಅಮ್ಮ ಗೇಟಿನವರೆಗೆ ಓಡಿ ಅಲ್ಲೇ ನಿಂತರು.

ಕಚೇರಿಯವರು ಅವರನ್ನು ಟ್ಯಾಂಕಿನಿಂದ ತೆಗೆದು ಸಾಮಾನಿನ ಕೋಣೆಗೆ ಹಾಕಿದರು. ಬಾವಿ ನಮ್ಮದಲ್ಲ, ಆದರೆ ಪುಡಿ ನಮ್ಮದು ಎಂದರಂತೆ ಸಾಹೇಬರು. ಚಾವಿ ಬೇರೆಯವರ ಕೈಗೆ ಹೋಯಿತು. ಹಳೆಯ ನಲ್ಲಿ, ಮುರಿದ ವಾಲ್ವ್, ತುಕ್ಕು ಹಿಡಿದ ಕೊಳವೆಯ ತುಂಡುಗಳ ನಡುವೆ ನೀರಣ್ಣ ಹಗಲೆಲ್ಲ ಕೂತಿರುತ್ತಿದ್ದರು. ಬೆಳಗ್ಗೆ ಮಾತ್ರ ಮೊದಲಿನ ಹೊತ್ತಿಗೇ ಎದ್ದು ಗುಡ್ಡದ ಬುಡಕ್ಕೆ ಹೋಗಿ, ಆ ನಲ್ಲಿಯಲ್ಲಿ ಬೊಗಸೆ ಹಿಡಿದು ಕುಡಿದು ಬರುತ್ತಿದ್ದರು. ಮೊದಲು ಅದನ್ನು ನೋಡಿ ಜನ ಕೊಡ ಹಿಡಿಯುತ್ತಿದ್ದರು. ಈಗ ಅದೂ ನಾಟಕ ಎಂದರು. ಅವರು ಕುಡಿಯುವ ನಲ್ಲಿಗೆ ಬೇರೆ ಕೊಳವೆ ಇದೆಯಂತೆ ಎಂಬ ಮಾತೂ ಹುಟ್ಟಿತು.

ಒಂದು ದಿನ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತು ಹೇಳಿದರು. "ಹೂಂ ಅನ್ನಬಹುದಿತ್ತು ಮೇಷ್ಟ್ರೇ. ನನಗೆ ಮಗಳು ಸಿಗ್ತಿದ್ಲು. ಆದ್ರೆ ನನ್ನ ಮಾತು ನಂಬಿ ಆ ಬೀದಿ ಮಕ್ಕಳೆಲ್ಲ ಕ್ವಾರಿ ನೀರಿಗೆ ಹೋಗ್ತಿದ್ವು." ಎದ್ದು ಹೊರಡುತ್ತ, "ಈಗ್ಲೂ ಅರ್ಧ ಮಕ್ಕಳು ಹೋಗ್ತಾನೇ ಇದಾವಂತೆ" ಎಂದರು.

ಮಗಳಿಗೆ ಹೆಣ್ಣು ಮಗು ಹುಟ್ಟಿತು. ಗಟ್ಟಿಮುಟ್ಟಾದ ಮಗು, ಹುಟ್ಟಿದ ಕೂಡಲೇ ಆಸ್ಪತ್ರೆ ಎದ್ದು ಕೂರುವ ಹಾಗೆ ಅತ್ತಿತಂತೆ. ನಲ್ಲಿ ನೀರು ಕುಡಿಯುವುದನ್ನು ಬಿಟ್ಟಿದ್ದರಿಂದ ಮಗು ಉಳಿಯಿತು, ಬಾವಿಗೂ ಕೈ ಹಾಕಿದವರನ್ನು ಸಮಯಕ್ಕೆ ಸರಿಯಾಗಿ ಹಿಡಿದೆವು ಎಂದು ಅವಳು ಗುಂಪಿನಲ್ಲಿ ಹೇಳಿದಳು. ಎಷ್ಟೋ ಜನ ಅದನ್ನು ಮುಂದಕ್ಕೆ ಕಳಿಸಿದರು. ನೀರಣ್ಣ ತಿಂಗಳುಗಟ್ಟಲೆ ಹಾಕಿದ ಪುಡಿಯಿಂದಲೇ ಮಗು ಉಳಿಯಿತು ಎಂದು ಹೇಳಲು ನನಗೆ ಬಾಯಿ ತುರಿಸುತ್ತದೆ. ಆದರೆ ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತು ಎಂದರೆ ವಿಡಿಯೋದ ಆ ಮುದುಕಿಗೂ ನನಗೂ ಏನು ವ್ಯತ್ಯಾಸ? ಬಾವಿಯ ನೀರು ಅಷ್ಟು ತಿಂಗಳು ಶುದ್ಧವಾಗಿತ್ತು, ಅಷ್ಟು ಮಾತ್ರ ಹೇಳಬಲ್ಲೆ.

ಅಜ್ಜಿ ಮಗುವನ್ನು ನೋಡಲು ಬರಬಹುದು ಎಂದು ಅಳಿಯ ಹೇಳಿಕಳಿಸಿದ. ಅಪ್ಪನ ಮಾತು ಎತ್ತಬಾರದು, ನೀರು ಎಲ್ಲಿಂದ ತರುತ್ತೀರಿ ಎಂದು ಕೇಳಬಾರದು, ಇವೆರಡೇ ಷರತ್ತು. ಮಗಳ ಮನೆಯವರು ಈಗ ಬಾವಿಯನ್ನೂ ಬಿಟ್ಟಿದ್ದರು. ಬೇರೆ ಯಾವುದೋ ಕಡೆಯಿಂದ ನೀರು ತರುತ್ತಿದ್ದರು, ಎಲ್ಲಿಂದ ಎಂಬುದನ್ನು ಯಾರಿಗೂ ಹೇಳುತ್ತಿರಲಿಲ್ಲ.

ಹೆಂಡತಿ ಹೊರಡುವಾಗ ನೀರಣ್ಣ ಅವರ ಸೆರಗು ಸರಿಮಾಡುವವರಂತೆ ಹತ್ತಿರ ಬಂದು, "ಮಗೂಗೆ ಮುಂದೆ ನೀರು ಕೊಡೋವಾಗ ಕಾಯಿಸಿ ಕೊಡು ಅನ್ನು. ನಾನು ಹೇಳಿದೆ ಅನ್ನಬೇಡ" ಎಂದರು.

ಸಂಜೆ ಅವರ ಹೆಂಡತಿ ಮರಳಿ ಬಂದಾಗ ನಾನೂ ಅಂಗಳದಲ್ಲಿದ್ದೆ. ಮಗು ಬೆಳ್ಳಗಿದೆ, ಕೂದಲು ದಟ್ಟವಾಗಿದೆ, ಮಗಳು ಹೆಣೆದಿದ್ದ ಆ ಹಳೇ ಟೋಪಿ ಹಾಕಿದ್ದರು ಎಂದೆಲ್ಲ ಹೇಳಿದರು. ಕಿವಿ ಯಾರದು ಎಂದು ನೀರಣ್ಣ ಕೇಳಿದರು. "ನಿಮ್ಮದೇ ರೀ, ಆನೆ ಕಿವಿ, ಮುಚ್ಚಿಟ್ಟರೂ ಮುಚ್ಚಲ್ಲ" ಎಂದರು ಅವರು. ಮೂವರೂ ನಕ್ಕೆವು.

"ಕಾಯಿಸೋ ಮಾತು ಹೇಳಿದೆಯಾ?"

"ಹೇಳಿದೆ. ಯಾರು ಹೇಳಿಕೊಟ್ಟಿದ್ದು ಅಂತ ಕೇಳಿದ್ಲು. ಯಾರೂ ಇಲ್ಲ ಅಂದೆ."

ನೀರಣ್ಣ ತಲೆ ತಗ್ಗಿಸಿದರು. ಅವರ ಹೆಂಡತಿ ಒಳಗೆ ಹೋಗಲು ಎದ್ದವರು ಹೊಸ್ತಿಲಲ್ಲಿ ನಿಂತು, "ನಾನು ಹೊರಡೋವಾಗ ಒಲೆ ಮೇಲೆ ಒಂದು ಪಾತ್ರೆ ನೀರು ಇತ್ತು. ಸ್ನಾನಕ್ಕೋ ಕುಡಿಯೋಕೋ ಕೇಳಲಿಲ್ಲ" ಎಂದರು.

"ಎಷ್ಟು ದೊಡ್ಡ ಪಾತ್ರೆ?"

"ದೊಡ್ಡದೇ ರೀ."

ಅಷ್ಟು ದೊಡ್ಡ ಪಾತ್ರೆಯಲ್ಲಿ ಯಾರೂ ಕುಡಿಯುವ ನೀರು ಕಾಯಿಸುವುದಿಲ್ಲ ಎಂಬುದು ನಮಗೆ ಮೂವರಿಗೂ ಗೊತ್ತಿತ್ತು. ಜೀವನವೆಲ್ಲ ನೀರನ್ನು ತಾನು ಕುಡಿದು ನೋಡದೆ ಊರಿಗೆ ಬಿಡದಿದ್ದ ಮನುಷ್ಯ ಕೈಗಳನ್ನು ಮೊಣಕಾಲ ನಡುವೆ ಇಟ್ಟುಕೊಂಡು ಕೂತಿದ್ದರು.

"ಕುಡಿಯೋಕೇ ಇರುತ್ತೆ" ಎಂದರು. "ನೀನು ಮತ್ತೆ ಕೇಳೋಕೆ ಹೋಗಬೇಡ."